ಸುಡುಗಾಡಿನ ಗಿಡ ಬೇಡ ಎಂದ ನೆರೆಹೊರೆಯವರಿಗೆ

ನಮ್ಮ ಅಪಾರ್ಟ್‌ಮೆಂಟಿನ ಮೂರೂ ಬ್ಲಾಕಿನ ಎಲ್ಲ ಮನೆಯವರಿಗೆ,



ಹೋದ ಭಾನುವಾರದ ಸಭೆಯಲ್ಲಿ ನನ್ನ ಮಾತು ಮುಗಿಯಲಿಲ್ಲ. ಮೈಕು ಕೈಗೆ ಬಂದದ್ದೇ ಕೊನೆಗೆ. ಅಷ್ಟು ಹೊತ್ತಿಗೆ ಹಿಂದಿನ ಕೋಣೆಯಿಂದ ವಡೆಯ ವಾಸನೆ ಬರುತ್ತಿತ್ತು, ನನಗೂ ಹಸಿವಾಗಿತ್ತು. ಒಣಗಿದ ಲಾನ್ ಕಿತ್ತು ಹೊಸದು ಹಾಸುವ ಪ್ರಸ್ತಾಪಕ್ಕೆ ನಾನೊಬ್ಬಳೇ ಅಡ್ಡ ಬಂದೆ ಎಂದು ಕೆಲವರಿಗೆ ಬೇಸರವಾಗಿದೆ. ಅದರ ಬದಲು ದೇವಕಣಗಿಲೆ, ಕತ್ತಾಳೆ, ತಂಗಡಿ, ಲಕ್ಕಿ ಎಂದು ನಾನು ಪಟ್ಟಿ ಓದಿದಾಗ ಹಿಂದಿನ ಸಾಲಿನಿಂದ ಒಬ್ಬರು, ‘ಅವೆಲ್ಲ ಸುಡುಗಾಡಿನ ಗಿಡ ಅಲ್ವಾ ಮೇಡಂ?’ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಕಾಫಿ ಲೋಟ ಹಿಡಿದು ಕೂತಾಗ, ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲವಲ್ಲ ಅನ್ನಿಸಿತು. ಅದಕ್ಕೇ ಈ ಪತ್ರ. ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಹಿಡಿಸುವುದಿಲ್ಲವಾದ್ದರಿಂದ ಎಲ್ಲರ ಬಾಗಿಲಡಿ ಒಂದೊಂದು ಪ್ರತಿ ತೂರಿಸಿದ್ದೇನೆ. ಬರುವ ಭಾನುವಾರ ಕೈ ಎತ್ತುವ ಮುಂಚೆ ಒಮ್ಮೆ ಓದಿಬಿಡಿ.

ಹೌದು, ದೇವಕಣಗಿಲೆ ಸುಡುಗಾಡಿನ ಗಿಡ. ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆ ಕಡೆ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಅದೂ ಒಂದು. ಊರಾಚೆಯ ಮಣ್ಣುಗುಡ್ಡೆಗಳ ನಡುವೆ ಮೂರು ದೇವಕಣಗಿಲೆ ಇದ್ದವು. ಯಾರು ನೆಟ್ಟದ್ದೋ ಯಾರಿಗೂ ನೆನಪಿರಲಿಲ್ಲ. ಮಣ್ಣು ಮಾಡಿ ಬಂದವರು ಹಿಂತಿರುಗಿ ನೋಡಬಾರದು ಎಂಬ ಶಾಸ್ತ್ರ ನಿಮಗೂ ಗೊತ್ತು. ಹಿಂತಿರುಗಿಯೇ ನೋಡದವರು ನೀರು ಹಾಕಲು ಬರುತ್ತಾರೆಯೇ? ಯಾರೂ ನೀರೆರೆಯುವುದಿಲ್ಲ ಎಂದು ಗೊತ್ತಿರುವ ಕಡೆ ನೆಡಬೇಕೆಂದರೆ, ನೀರು ಕೇಳದ ಗಿಡವನ್ನೇ ಹುಡುಕಬೇಕು. ಅದು ಸುಡುಗಾಡಿಗೆ ಸೇರಿದ್ದು ಹೀಗೆ ಎಂದೇ ನನ್ನ ನಂಬಿಕೆ. ಅದೇ ಗಿಡ ದೇವಸ್ಥಾನದ ಅಂಗಳದಲ್ಲೂ ಇರುತ್ತದೆ, ಹೆಸರಿನಲ್ಲೇ ದೇವರನ್ನು ಇಟ್ಟುಕೊಂಡಿದೆ. ಹಾಗೆ ನೋಡಿದರೆ ಈ ನೆಲದ್ದೂ ಅಲ್ಲ, ಅಮೆರಿಕ ಖಂಡದ ಬಿಸಿನಾಡುಗಳಿಂದ ಬಂದದ್ದು. ಬಂದು ನಮ್ಮ ಬಿಸಿಲಿಗೆ ಹೊಂದಿಕೊಂಡಿತು, ನಾವು ಅದಕ್ಕೆ ಮಸಣದ ಪಟ್ಟ ಕಟ್ಟಿದೆವು.

ತಂಗಡಿಗೂ ಇದೇ ಗತಿ. ನಮ್ಮ ಕಡೆ ದೀಪಾವಳಿಗೆ ಹಟ್ಟಿ ಹಾಕಿದಾಗ ಸಗಣಿ ಗುಪ್ಪೆಗೆ ಸಿಗಿಸಲು ಅಜ್ಜಿ ತಂಗಡಿ ಹೂ ತರಿಸುತ್ತಿದ್ದಳು. ಅರಿಸಿನದಷ್ಟು ಹಳದಿ. ತೆಲಂಗಾಣದವರು ಅದನ್ನು ಬತುಕಮ್ಮಕ್ಕೆ ಪೇರಿಸುತ್ತಾರೆ, ತಮ್ಮ ರಾಜ್ಯಪುಷ್ಪವನ್ನಾಗಿಯೂ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಅದು ರಸ್ತೆ ಬದಿಯ ಪೊದೆ, ಹಿಂದೆ ತೊಗಲು ಹದಮಾಡುವವರು ತೊಗಟೆಗಾಗಿ ಹುಡುಕಿಕೊಂಡು ಹೋಗುತ್ತಿದ್ದ ಗಿಡ. ನರ್ಸರಿಯಲ್ಲಿ ಕೇಳಿದರೆ ‘ಅದನ್ಯಾರು ಕಾಸು ಕೊಟ್ಟು ತಗೊಳ್ತಾರೆ?’ ಎನ್ನುತ್ತಾರೆ. ಬಡವರ ಊರಿನಲ್ಲಿ ತಾನಾಗಿ ಬೆಳೆಯುವುದೆಲ್ಲ ಬಡ ಗಿಡ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ನಮ್ಮ ಗೇಟಿನ ಮುಂದಿನ ಹುಲ್ಲುಹಾಸು ತೋರಿಸಬೇಕಾದದ್ದು ಅದರ ತದ್ವಿರುದ್ಧ. ನಮಗೆ ನೀರಿಗೆ ಬರವಿಲ್ಲ, ನೋಡಿ.

ಆದರೆ ಬರವಿದೆಯಲ್ಲ.

ಫೆಬ್ರವರಿಯಲ್ಲಿ ಒಂದು ದಿನ ನಾನು ಒಂದು ಕೆಲಸ ಮಾಡಿದೆ. ತೋಟದ ಸಂಪಿನ ಮುಚ್ಚಳ ತೆಗೆಸಿ, ಬಟ್ಟೆ ಒಣಗಿಸುವ ಕೋಲು ಇಳಿಬಿಟ್ಟು, ಒದ್ದೆ ಎಲ್ಲಿಗೆ ನಿಂತಿತೋ ಅಲ್ಲಿ ಸೀಮೆಸುಣ್ಣದಲ್ಲಿ ಗೀಟು ಹಾಕಿದೆ. ಬೆಳಗಿನ ಸ್ಪ್ರಿಂಕ್ಲರು, ಸಂಜೆಯ ಪೈಪು ಎರಡೂ ಮುಗಿದ ಮೇಲೆ ಮತ್ತೆ ಅಳೆದೆ. ಹತ್ತು ಅಡಿಗೆ ಎಂಟು ಅಡಿಯ ಸಂಪು, ಇಳಿದಿದ್ದು ಒಂದೂಮುಕ್ಕಾಲು ಅಡಿ. ಅಂದರೆ ಹತ್ತಿರ ಹತ್ತಿರ 4,000 ಲೀಟರು. ನಮ್ಮ ಲಾನು 6,000 ಚದರಡಿ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಹುಲ್ಲು ದಿನಕ್ಕೆ ನಾಲ್ಕೈದು ಲೀಟರು ನೀರನ್ನು ಗಾಳಿಗೆ ಬಿಡುತ್ತದೆ. ಅದಕ್ಕೆ ಕುಡಿಸಲು ಹೊರಟರೆ ಗಾಳಿಗೆ ಹಾರಿದ್ದು, ಕಾಂಕ್ರೀಟಿನ ಮೇಲೆ ಹರಿದದ್ದು ಎಲ್ಲ ಸೇರಿ ನನ್ನ ಕೋಲು ತೋರಿಸಿದ ಲೆಕ್ಕಕ್ಕೇ ಬರುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಮಳೆಯನ್ನು ನೆಚ್ಚುವ ಹಾಗಿಲ್ಲ. 120 ದಿನ ಎಂದಿಟ್ಟುಕೊಳ್ಳಿ. 4,80,000 ಲೀಟರು. 12,000 ಲೀಟರಿನ ದೊಡ್ಡ ಟ್ಯಾಂಕರುಗಳು ನಲವತ್ತು.

‘ಲಾನಿಗೆ ಹಾಕುವುದು ಬಳಸಿ ಬಿಟ್ಟ ನೀರನ್ನೇ ಶುದ್ಧಿ ಮಾಡಿದ ಎಸ್‌ಟಿಪಿ ನೀರು ತಾನೇ’ ಎಂದು ಕಾರ್ಯದರ್ಶಿಗಳು ಸಭೆಯಲ್ಲಿ ಹೇಳಿದರು. ನಿಜ. ಆದರೆ ಅದೇ ನೀರು ನಮ್ಮ ಫ್ಲಶ್‌ಗೂ ಹೋಗಬೇಕು. ಬೇಸಿಗೆಯಲ್ಲಿ ಲಾನು ಕುಡಿದಷ್ಟು ಫ್ಲಶ್ ಟ್ಯಾಂಕಿನಲ್ಲಿ ಕಮ್ಮಿಯಾಗುತ್ತದೆ, ಆ ಕಮ್ಮಿಯನ್ನು ಟ್ಯಾಂಕರು ತುಂಬುತ್ತದೆ. ಯಾವ ಪೈಪಿನಲ್ಲಿ ಹೋದರೂ ಬಿಲ್ಲು ಬರುವುದು ಒಂದೇ ಕಡೆಗೆ. ಇನ್ನೂ ಒಂದಿದೆ. ನಮ್ಮಲ್ಲಿ ಬಹಳ ಮನೆಗಳು ಬೋರ್‌ವೆಲ್‌ನ ಗಡಸು ನೀರಿಗೆ ಸಾಫ್ಟ್‌ನರ್ ಹಾಕಿಸಿಕೊಂಡಿವೆ. ಅದಕ್ಕೆ ಸುರಿಯುವ ಉಪ್ಪು ಕೊನೆಗೆ ಸೇರುವುದು ಎಸ್‌ಟಿಪಿಗೆ, ಅಲ್ಲಿಂದ ತೋಟಕ್ಕೆ. ಸಿ ಬ್ಲಾಕಿನ ಮುಂದೆ ಗಿಡಗಳ ಎಲೆಯಂಚು ಸುಟ್ಟಂತಾಗಿರುವುದನ್ನು, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿರುವುದನ್ನು ನೋಡಿದ್ದೀರಲ್ಲ? ಅದು ರೋಗವಲ್ಲ. ಗೊಬ್ಬರ ಹಾಕಿದರೆ ಹೋಗುವುದೂ ಇಲ್ಲ.

2024ರ ಮಾರ್ಚನ್ನು ನಾನು ನೆನಪಿಸಬೇಕಾಗಿಲ್ಲ. ಬಕೆಟ್ಟು ಎಣಿಸಿ ಸ್ನಾನ ಮಾಡಿದವರು ನಾವು. ಕುಡಿಯುವ ನೀರನ್ನು ಗಿಡಕ್ಕೆ, ಕಾರಿಗೆ, ಕಟ್ಟಡಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಗ ಆದೇಶ ಹೊರಡಿಸಿತು. ಟ್ಯಾಂಕರಿಗೆ ಜಿಲ್ಲಾಡಳಿತ ದರ ಕಟ್ಟಿತು: 12,000 ಲೀಟರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ, ಹತ್ತರೊಳಗೆ 1,200. ಆ ದರಕ್ಕೆ ನಮಗೆ ಎಷ್ಟು ಟ್ಯಾಂಕರು ಸಿಕ್ಕವು ಎಂದು ಖಜಾಂಚಿಯವರನ್ನೇ ಕೇಳಿ, ನಾನು ಹೇಳಿದರೆ ಜಗಳವಾಗುತ್ತದೆ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಬಂತು, ದಿನಕ್ಕೆ 775 ದಶಲಕ್ಷ ಲೀಟರು ಹೆಚ್ಚುವರಿ ನೀರು. ಒಳ್ಳೆಯದೇ ಆಯಿತು. ಆದರೆ ಆ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಹಂತ ಹಂತವಾಗಿ ಪಂಪಿನಲ್ಲಿ ಎತ್ತಿಸಿಕೊಂಡು, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರಿಗೆ ಹತ್ತಿ ಬರುತ್ತದೆ. ಅಷ್ಟು ಕಷ್ಟಪಟ್ಟು ಬೆಟ್ಟ ಹತ್ತಿ ಬಂದ ನೀರನ್ನು, ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂದು ಬೋರ್ಡು ನೆಟ್ಟಿರುವ ಜಾಗಕ್ಕೆ ಸುರಿಯುವುದೆಂದರೆ ನನ್ನ ಹೊಟ್ಟೆ ಉರಿಯುತ್ತದೆ.

ಆ ಬೋರ್ಡಿನ ಬಗ್ಗೆ ಸ್ವಲ್ಪ ಹೇಳಬೇಕು. 6,000 ಚದರಡಿಯಲ್ಲಿ ಎ ಮತ್ತು ಬಿ ಬ್ಲಾಕಿನ ನಡುವಿನ 1,800 ಚದರಡಿಯಲ್ಲಿ ಮಕ್ಕಳು ಆಡುತ್ತಾರೆ, ಸಂಜೆ ನಾವೂ ಕಾಲು ಚಾಚಿ ಕೂರುತ್ತೇವೆ. ಉಳಿದ 4,200 ಚದರಡಿಗೆ ಕಾಲಿಡುವ ಒಬ್ಬನೇ ಮನುಷ್ಯ ಅದನ್ನು ಕತ್ತರಿಸುವ ಮಾಲಿ. ನಾಲ್ಕನೇ ಮಹಡಿಯ ಯಜಮಾನರ ಮಗಳು ಅಮೆರಿಕದ ಲಾಸ್ ವೇಗಸ್‌ನಲ್ಲಿದ್ದಾಳೆ. ಮರುಭೂಮಿಯ ಊರದು. ಅಲ್ಲಿನ ನೆವಾಡ ರಾಜ್ಯ 2021ರಲ್ಲಿ ಒಂದು ಕಾಯ್ದೆ ಮಾಡಿದೆ. ರಸ್ತೆ ಮಧ್ಯೆ, ಕಚೇರಿಗಳ ಮುಂದೆ ಬರೀ ನೋಡಲಿಕ್ಕೆಂದು ಬೆಳೆಸಿದ, ಯಾರೂ ಆಡದ ಹುಲ್ಲಿಗೆ 2027ರಿಂದ ಕೊಲರಾಡೊ ನದಿಯ ನೀರು ಹಾಯಿಸುವಂತಿಲ್ಲ. ಒಂಟಿಮನೆಗಳ ಅಂಗಳಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಆದರೆ ಅವರಾಗಿಯೇ ಲಾನ್ ಕಿತ್ತರೆ ಅಲ್ಲಿನ ನೀರಿನ ಸಂಸ್ಥೆ ಚದರಡಿಗೆ ಇಷ್ಟು ಎಂದು ದುಡ್ಡು ಕೊಡುತ್ತದೆ. ಅಲ್ಲಿ ಕೀಳಲು ಕಾಸು, ಇಲ್ಲಿ ನಾವು ಹಾಕಿಸಲು ಚಂದಾ ಎತ್ತುತ್ತಿದ್ದೇವೆ.

ಈಗ ನನ್ನದೇ ಒಂದು ಪೆದ್ದುತನದ ಕಥೆ. ಹೊಸಬರಿಗೆ ಗೊತ್ತಿಲ್ಲ, ಹಳಬರು ಮರೆತಿಲ್ಲ. 2023ರ ಆಗಸ್ಟಿನಲ್ಲಿ ಬಿ ಬ್ಲಾಕಿನ ಪಶ್ಚಿಮಕ್ಕಿರುವ ಉದ್ದನೆಯ ಪಟ್ಟಿಯಲ್ಲಿ ಸಮಿತಿಯನ್ನು ಕಾಡಿ ಬೇಡಿ ಒಪ್ಪಿಸಿ ನಾನು ಹದಿನಾಲ್ಕು ಲೋಳೆಸರ, ಆರು ಕತ್ತಾಳೆ ಹಾಕಿಸಿದೆ. ನೀರೇ ಬೇಡದ ಗಿಡಗಳು, ನೋಡ್ತಾ ಇರಿ ಎಂದು ಎಲ್ಲರ ಮುಂದೆ ಜಂಭ ಕೊಚ್ಚಿಕೊಂಡೆ. ದೀಪಾವಳಿ ಹೊತ್ತಿಗೆ ಒಂದೂ ಉಳಿಯಲಿಲ್ಲ. ಮುಟ್ಟಿದರೆ ಬುಡವೇ ಕೈಗೆ ಬಂತು, ಬೆಂದ ಗೆಣಸಿನ ಹಾಗೆ ಮೆತ್ತಗೆ, ಮೂಗು ಮುಚ್ಚಿಕೊಳ್ಳುವ ವಾಸನೆ. ಬಾಯಾರಿ ಸತ್ತವಲ್ಲ, ಮುಳುಗಿ ಸತ್ತವು. ಮಾಲಿಯನ್ನು ಕೇಳಿದೆ. ರಾಯಚೂರು ಕಡೆಯವರು, ಹೊಲ ಮಾಡಿದವರು. ‘ನನಗ ಗೊತ್ತಿಲ್ಲೇನ್ರೀ ಅಮ್ಮಾರೆ, ಕತ್ತಾಳಿಗೆ ಯಾರರ ನೀರ್ ಹಾಕ್ತಾರ? ಆದ್ರ ಒಂದಿನ ಪೈಪ್ ಹಿಡೀಲಿಲ್ಲಂದ್ರ ಸೂಪರ್‌ವೈಜರ್ ಫೋಟೋ ತೆಗದು ಗ್ರೂಪಿಗೆ ಹಾಕ್ತಾನ’ ಎಂದರು. ಅವರ ಕೆಲಸದ ಚೀಟಿಯಲ್ಲಿ ‘ನೀರು: ದಿನಕ್ಕೆ ಎರಡು ಸಲ’ ಎಂದೇ ಅಚ್ಚಾಗಿತ್ತು. ಅದನ್ನು ತಿದ್ದಿಸದೆ ಗಿಡ ಬದಲಾಯಿಸಲು ಹೋದದ್ದು ನನ್ನ ತಪ್ಪು.

ಇನ್ನೊಂದು ತಪ್ಪು, ನೆಲ ಅಗೆದು ನೋಡದೇ ಇದ್ದದ್ದು. ಸತ್ತ ಗಿಡಗಳನ್ನು ತೆಗೆಸುವಾಗ ಗುದ್ದಲಿ ಒಂದು ಅಡಿಗೇ ಠಣ್ ಎಂದಿತು. ಕೆಳಗೆ ಟೈಲ್ಸ್ ಚೂರು, ಗಾರೆ ಗಟ್ಟಿ, ಸಿಮೆಂಟು ಚೀಲದ ಪ್ಲಾಸ್ಟಿಕ್ಕು. ಕಟ್ಟಿದವರು ಮಿಕ್ಕಿದ್ದನ್ನೆಲ್ಲ ಅಲ್ಲೇ ಹೂತು, ಮೇಲೆ ಒಂದು ಲಾರಿ ಕೆಮ್ಮಣ್ಣು ಹರಡಿ, ಅದರ ಮೇಲೆ ಹುಲ್ಲಿನ ಚಾಪೆ ಹೊದಿಸಿ ಹೋಗಿದ್ದಾರೆ. ನೀರು ಇಳಿಯಲು ದಾರಿಯೇ ಇಲ್ಲ. ಅಂಥಲ್ಲಿ ಕತ್ತಾಳೆ ಏನು, ಯಾವುದೂ ಬಾಳುವುದಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಕಳ್ಳಿ, ಕತ್ತಾಳೆಗಳು ಹಗಲು ಪತ್ರರಂಧ್ರ ಮುಚ್ಚಿಕೊಂಡು, ಬಿಸಿಲಿಳಿದ ಮೇಲೆ ರಾತ್ರಿ ತೆರೆದು ಗಾಳಿ ಒಳಗೆಳೆದುಕೊಳ್ಳುತ್ತವೆ, ಅದರಿಂದಲೇ ನೀರು ಉಳಿಸುತ್ತವೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ! ಬೇರಿಗೂ ಉಸಿರು ಬೇಕು ಎಂಬುದನ್ನು ನೆಲದಲ್ಲಿ ಕಲಿಯಲು ಇಪ್ಪತ್ತು ಗಿಡ ಕೊಲ್ಲಬೇಕಾಯಿತು.

ಈ ಸಲ ನಮ್ಮ ಮುಂದಿರುವ ಕೊಟೇಶನ್ನು ನೋಡಿದಿರಾ? ನುಣ್ಣನೆ ಕಾಗದದಲ್ಲಿ ಬಣ್ಣದ ಚಿತ್ರಗಳೊಂದಿಗೆ ಬಂದಿದೆ. ಮುಂಭಾಗಕ್ಕೆ ಮೆಕ್ಸಿಕನ್ ಹುಲ್ಲು. ನಾನು ಗಲಾಟೆ ಮಾಡಿದೆನೆಂದು ಒಂದು ಮೂಲೆಗೆ ‘ಬರ ತಡೆಯುವ ಉದ್ಯಾನ’ ಎಂದೂ ಸೇರಿಸಿದ್ದಾರೆ. ಓದಿದರೆ, ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಬಿಳಿ ಬೆಣಚುಕಲ್ಲು ಸುರಿದು, ನಡುವೆ ನಾಲ್ಕು ಕಳ್ಳಿ ನಿಲ್ಲಿಸುವುದು. ಇದು ತೋಟವಲ್ಲ, ಕಾವಲಿ. ಕಲ್ಲು ಹಗಲೆಲ್ಲ ಕಾದು ಸಂಜೆ ಕೆಳಮಹಡಿಯವರ ಕಿಟಕಿಗೆ ಶಾಖ ಊದುತ್ತದೆ. ಹಾಳೆಯ ಕೆಳಗಿನ ಮಣ್ಣು ಸಾಯುತ್ತದೆ. ಎರಡು ವರ್ಷಕ್ಕೆ ಕಲ್ಲಿನ ಸಂದಿನಲ್ಲಿ ಧೂಳು ಕೂತು ಕಳೆ ಹುಟ್ಟಿದಾಗ ಕಲ್ಲು ತೊಳೆಸಲು ಮತ್ತೆ ನೀರು. ಪ್ಲಾಸ್ಟಿಕ್ ಹುಲ್ಲನ್ನೇ ಹಾಸಿಬಿಡೋಣ ಎಂದ ತರುಣ ಮಿತ್ರರಿಗೆ ಹೆಚ್ಚು ಹೇಳುವುದಿಲ್ಲ. ಏಪ್ರಿಲಿನ ಮಧ್ಯಾಹ್ನ ಎರಡು ಗಂಟೆಗೆ ಯಾವುದಾದರೂ ಟರ್ಫ್ ಮೈದಾನಕ್ಕೆ ಹೋಗಿ ಚಪ್ಪಲಿ ಬಿಟ್ಟು ನಿಂತು ಬನ್ನಿ, ಆಮೇಲೆ ಮಾತಾಡೋಣ.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಬೇರೆಯೇ. 2024ರ ಬೇಸಿಗೆಯಲ್ಲಿ ನಾವು ಲಾನಿಗೆ ನೀರು ನಿಲ್ಲಿಸಿದೆವು, ಬೇರೆ ದಾರಿ ಇರಲಿಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಅದು ತೆಂಗಿನ ನಾರಿನ ಕಾಲೊರಸಿನಂತಾಗಿತ್ತು. ಮೇ ತಿಂಗಳಲ್ಲಿ ಮಳೆ ಬಂತಲ್ಲ, ಅದಾಗಿ ಒಂದು ವಾರಕ್ಕೆ ನಾನು ಬಗ್ಗಿ ನೋಡುತ್ತೇನೆ, ಆ ನಾರಿನ ನಡುವೆ ಅಲ್ಲಲ್ಲಿ ಸೂಜಿಮೊನೆಯಷ್ಟು ಹಸಿರು. ಹತ್ತು ದಿನಕ್ಕೆ ತೆವಳಿ ಒಂದು ಮೊಳ ಹರಡಿತು. ನಾವು ಕಾಸು ಕೊಟ್ಟು ತಂದ ಹುಲ್ಲಲ್ಲ ಅದು, ಕರೆಯದೇ ಬಂದ ಗರಿಕೆ. ನೀರಿಲ್ಲದಾಗ ಮೇಲೆಲ್ಲ ಒಣಗಿಸಿಕೊಂಡು, ಗಂಟು ಬೇರಿನಲ್ಲಿ ಜೀವ ಹಿಡಿದು, ಮಣ್ಣಿನೊಳಗೆ ಮಲಗಿತ್ತು. ನಾವು ಏನು ಮಾಡಿದೆವು? ಹೊಸ ಲಾನಿಗೆ ಅದು ಕಳೆಯಾಗುತ್ತದೆ ಎಂದು ನಾಲ್ಕು ಆಳು ಹಚ್ಚಿ, ಎರಡು ದಿನ ಕೂಲಿ ಕೊಟ್ಟು ಕೀಳಿಸಿದೆವು. ಸೆಪ್ಟೆಂಬರಿನಲ್ಲಿ ಗಣೇಶನ ಹಬ್ಬಕ್ಕೆ ಮಾರುಕಟ್ಟೆಗೆ ಹೋಗಿ ಕಟ್ಟಿಗೆ ಇಷ್ಟು ಎಂದು ಚೌಕಾಸಿ ಮಾಡಿ ಅದನ್ನೇ ಕೊಂಡು ತಂದೆವು. ನಾನೂ ತಂದೆ. ಕೊಟ್ಟದ್ದು ಇಪ್ಪತ್ತು ರೂಪಾಯಿ.

ಹಾಗಾಗಿ ಮಕ್ಕಳಾಡುವ 1,800 ಚದರಡಿಯಲ್ಲಿ ಹುಲ್ಲು ಇರಲಿ, ಅದು ಗರಿಕೆಯಾಗಿರಲಿ ಎಂಬುದು ನನ್ನ ಮೊದಲ ಬೇಡಿಕೆ. ಕ್ರಿಕೆಟ್ಟಿನ ತುಳಿತಕ್ಕೂ ಅದು ಜಗ್ಗುವುದಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಕಂದಾಗುತ್ತದೆ. ಆಗ ಯಾರೂ ಗ್ರೂಪಿಗೆ ಫೋಟೋ ಹಾಕಿ ‘ಮೇಂಟೆನೆನ್ಸ್ ಎಲ್ಲಿದೆ?’ ಎಂದು ಕೇಳಬಾರದು. ಇದಕ್ಕೆ ಎಲ್ಲರೂ ಒಪ್ಪಬೇಕು, ಉಳಿದದ್ದೆಲ್ಲ ಆಮೇಲೆ. ಟಬೂಬಿಯ ಎಲೆಯೆಲ್ಲ ಉದುರಿಸಿ ಬರೀ ಹೂವಾಗಿ ನಿಂತಾಗ ಕಾರು ನಿಲ್ಲಿಸಿ ಸೆಲ್ಫಿ ತೆಗೆದುಕೊಳ್ಳುವ ಊರು ನಮ್ಮದು. ಲಾಲ್‌ಬಾಗಿನ ಕ್ರುಂಬಿಗಲ್ ಸಾಹೇಬರು ಬೀದಿಗಳಲ್ಲಿ ಒಂದರ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಮರ ಆರಿಸಿ ನೆಡಿಸಿದವರು. ರಸ್ತೆಯ ಬೋಳುಮರ ನಮಗೆ ಚೆಂದ. ಗೇಟಿನೊಳಗೆ ಒಂದು ಎಲೆ ಬಿದ್ದರೆ ಹೌಸ್‌ಕೀಪಿಂಗ್‌ನವರಿಗೆ ಫೋನು.

ಉಳಿದ 4,200 ಚದರಡಿಯಲ್ಲಿ ಸುಮಾರು ಅರ್ಧದ ಕೆಳಗೆ ಕಾರು ಪಾರ್ಕಿಂಗಿನ ಸ್ಲ್ಯಾಬ್ ಇದೆ, ಮಣ್ಣು ಒಂದೂವರೆ ಅಡಿ ಮಾತ್ರ. ಅಲ್ಲಿ ಮರ ನೆಡಲಾಗದು. ಲೋಳೆಸರ, ದೊಡ್ಡಪತ್ರೆ, ನಿತ್ಯಪುಷ್ಪ ಸಾಕು. ಎಡೆಯಲ್ಲಿ ರೈನ್ ಲಿಲ್ಲಿ ಗಡ್ಡೆಗಳು. ನನ್ನ ಬಾಲ್ಕನಿಯ ಕುಂಡದಲ್ಲಿ ಅವು ನಾಲ್ಕು ತಿಂಗಳು ಸತ್ತಂತೆ ಬಿದ್ದಿದ್ದವು, ಇದೇ ಕುಂಡ ಖಾಲಿ ಮಾಡಿ ಕೊತ್ತಂಬರಿ ಹಾಕೋಣ ಎಂದು ಸೊಸೆ ಎರಡು ಸಲ ಕೇಳಿದ್ದಳು. ಮೊನ್ನೆಯ ಮಳೆಯಾದ ನಾಲ್ಕನೇ ದಿನ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ತರಲು ಎದ್ದರೆ, ಹನ್ನೊಂದು ಹೂ. ನಲ್ಲಿ ನೀರು ಎಷ್ಟೇ ಹಾಕಿದರೂ ಅವು ಹೀಗೆ ಒಟ್ಟಿಗೆ ಏಳುವುದಿಲ್ಲ. ಏನು ಗುಟ್ಟೋ.

ಮಿಕ್ಕರ್ಧ ನಿಜವಾದ ನೆಲ. ಅಲ್ಲಿ ಮೊದಲು ಎರಡಡಿ ಅಗೆದು ಕಟ್ಟಡದ ಕಸ ತೆಗೆಸಬೇಕು. ಖರ್ಚು ಬರುವುದು ಇಲ್ಲೇ, ಗಿಡಗಳಿಗಲ್ಲ. ದೇವಕಣಗಿಲೆ, ತಂಗಡಿ, ಮಧ್ಯೆ ಒಂದು ಕಕ್ಕೆ, ಒಂದು ಹೊಂಗೆ. ಹೊಂಗೆ ಬೇಸಿಗೆ ಏರುವ ಹೊತ್ತಿಗೆ ಹಳೆ ಎಲೆ ಕಳಚಿ, ಯುಗಾದಿಯ ಆಸುಪಾಸಿಗೆ ಹೊಸ ಎಲೆ ಹೊದೆದು ನಿಲ್ಲುತ್ತದೆ, ನೆರಳು ಬೇಕಾದಾಗಲೇ ನೆರಳು. ಕಾಂಪೌಂಡಿನ ಉದ್ದಕ್ಕೂ ಈಗಿರುವ ಹಳದಿ ಎಲೆಯ ದುರಾಂತ ಬೇಲಿಯನ್ನು ಹದಿನೈದು ದಿನಕ್ಕೊಮ್ಮೆ ಕತ್ತರಿಸಬೇಕು. ನಮ್ಮ ಮಾಲಿ ಅದನ್ನು ‘ದುರಂತ’ ಎಂದೇ ಕರೆಯುವುದು. ಅದು ಹೋಗಿ ಲಕ್ಕಿ, ಆಡುಸೋಗೆ, ಬಂದರಿಕೆ ಬರಲಿ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರಲ್ಲ, ಆಡುಸೋಗೆಯನ್ನು ಅದೂ ಮುಟ್ಟುವುದಿಲ್ಲ. ಕೆಮ್ಮಿನ ಕಷಾಯಕ್ಕೆ ನಿಮಗೆ ಬೇಕಾದರೆ ನೀವು ಮುಟ್ಟಬಹುದು. ಕರಿಬೇವು ಎರಡು ಇರಲಿ. ಅದರ ಎಲೆಯನ್ನು ಹುಳ ತಿಂದರೆ ಔಷಧಿ ಹೊಡೆಸಬೇಡಿ, ಅದು ಚಿಟ್ಟೆಯ ಮರಿ. ತಂಗಡಿಗೂ ಹಳದಿ ಚಿಟ್ಟೆಗಳು ಮೊಟ್ಟೆಯಿಡಲು ಬರುತ್ತವೆ.

ಮಲ್ಲಿಗೆ, ದಾಸವಾಳ ಬೇಡವೇ ಎಂದು ಎ ಬ್ಲಾಕಿನ ಅಜ್ಜಿ ನೊಂದುಕೊಂಡು ಕೇಳಿದರು. ಬೇಕು ಅಜ್ಜೀ, ಪೂಜೆಗೆ ಹೂ ಇಲ್ಲದ ಮನೆ ಮನೆಯೇ? ನೀರು ಬೇಡುವ ಗಿಡಗಳನ್ನು ತೋಟದ ತುಂಬ ಚೆಲ್ಲದೆ ಒಂದೇ ಕಡೆ ಗುಂಪು ಮಾಡೋಣ ಅಷ್ಟೆ. ನಮ್ಮ ಊರ ಮನೆಗಳ ಹಿತ್ತಲು ನೆನೆಸಿಕೊಳ್ಳಿ. ಬಚ್ಚಲ ನೀರು ಹರಿದು ಹೋಗುವಲ್ಲಿ ಬಾಳೆ, ಕೆಸು. ಅದರ ಅಂಚಿಗೆ ಕನಕಾಂಬರ, ಮಲ್ಲಿಗೆ. ಆಚೆಗೆ ನುಗ್ಗೆ, ಕರಿಬೇವು. ಕೊನೆಗೆ ಬೇಲಿಯಲ್ಲಿ ಕತ್ತಾಳೆ, ಅದಕ್ಕೆ ಯಾರೂ ನೀರು ಹೊತ್ತವರಿಲ್ಲ. ನಮ್ಮ ಕ್ಲಬ್‌ಹೌಸಿನ ಹಿಂದೆ ಕೈತೊಳೆಯುವ ಬೇಸಿನ್ನಿನ ನೀರು ನೇರ ಚರಂಡಿಗೆ ಹೋಗುತ್ತಿದೆ. ಮಲ್ಲಿಗೆಯ ಜಾಗ ಅದು.

ಮಳೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ. ನಮ್ಮ ಲಾನಿನ ಮೇಲೆಯೇ ವರ್ಷಕ್ಕೆ ಐದು ಲಕ್ಷ ಲೀಟರಿಗೂ ಹೆಚ್ಚು ಬೀಳುತ್ತದೆ. ನಾಲ್ಕು ತಿಂಗಳು ನಾವು ಪೈಪು ಹಿಡಿದು ಹಾಕುವುದಕ್ಕಿಂತ ಜಾಸ್ತಿ. ಚಳ್ಳಕೆರೆಯವಳಿಗೆ ಇದು ಸಿರಿತನ. ಆ ನೀರು ಈಗ ಕಸದ ಪದರದ ಮೇಲೆ ಜಾರಿ, ಗೇಟು ದಾಟಿ, ರಸ್ತೆಯ ಗುಂಡಿಯಲ್ಲಿ ನಿಂತು ನಮ್ಮ ಸ್ಕೂಟರುಗಳನ್ನೇ ಮುಳುಗಿಸುತ್ತಿದೆ. 2009ರಿಂದಲೇ ಮಳೆನೀರು ಸಂಗ್ರಹ ಕಾನೂನಿನಲ್ಲಿದೆ, ನಮ್ಮಲ್ಲೂ ಕಾಗದದ ಮೇಲೆ ಎರಡು ಇಂಗುಗುಂಡಿ ಇವೆ. ಒಂದರ ಮೇಲೆ ಜನರೇಟರ್ ಕೂತಿದೆ. ಇನ್ನೊಂದನ್ನು ಹುಡುಕುತ್ತಿದ್ದೇನೆ. ಇಪ್ಪತ್ತಡಿಯ ಒಂದು ಇಂಗುಬಾವಿಯನ್ನು ರಿಂಗ್ ಇಳಿಸಿ ಮಾಡಿಕೊಡುವ, ಬಾವಿ ತೋಡುವುದೇ ಕುಲಕಸುಬಾದ ಮಣ್ಣು ಒಡ್ಡರು ಈ ಊರಿನಲ್ಲಿ ಈಗಲೂ ಇದ್ದಾರೆ. ಸ್ಲ್ಯಾಬಿನ ಮೇಲಿನ ನೀರನ್ನು ಪೈಪಿನಲ್ಲಿ ಅಲ್ಲಿಗೆ ಇಳಿಸಬಹುದು.

ಹಾವು ಬರುತ್ತದೆ ಎಂದು ಹಲವರ ಹೆದರಿಕೆ. ಹಾವು ಬರುವುದು ಇಲಿಗೆ, ಇಲಿ ಬರುವುದು ಕಸದ ಕೋಣೆಗೆ. ಅದರ ಬಾಗಿಲಿಗೆ ಚಿಲಕ ಹಾಕಿಸಲು ಆರು ತಿಂಗಳಿಂದ ಹೇಳುತ್ತಿದ್ದೇನೆ. ಆದರೂ ನಡೆದಾಡುವ ದಾರಿಯ ಪಕ್ಕ ಪೊದೆ ಬೇಡ, ಅಲ್ಲಿ ಗಿಡ್ಡನೆಯ ಗಿಡಗಳೇ ಇರಲಿ. ವಿಷದ ಬಗ್ಗೆ ಕೇಳಿದ ತಾಯಂದಿರ ಮಾತು ಸರಿ. ಕಣಗಿಲೆ ಬರ ತಡೆಯುವುದರಲ್ಲಿ ಎತ್ತಿದ ಕೈ, ಆದರೆ ಬೇರಿನಿಂದ ಹೂವಿನವರೆಗೆ ವಿಷ. ಅದನ್ನು ನಾನೇ ಪಟ್ಟಿಯಿಂದ ಹೊಡೆದು ಹಾಕಿದ್ದೇನೆ. ದೇವಕಣಗಿಲೆಯ ಹಾಲು ಕೆಲವರ ಚರ್ಮಕ್ಕೆ ಆಗುವುದಿಲ್ಲ, ಆದ್ದರಿಂದ ಅದು ಆಟದ ಜಾಗದಿಂದ ದೂರ. ಫ್ಲ್ಯಾಟಿನ ರೇಟು ಬೀಳುತ್ತದೆ ಎಂದವರಿಗೆ ಒಂದೇ ಪ್ರಶ್ನೆ. ಹೋದ ತಿಂಗಳು ಸಿ ಬ್ಲಾಕಿನ ಖಾಲಿ ಮನೆ ನೋಡಲು ಬಂದ ದಂಪತಿ ನನ್ನನ್ನು ಲಿಫ್ಟಿನಲ್ಲಿ ನಿಲ್ಲಿಸಿ ಏನು ಕೇಳಿದರು ಗೊತ್ತೆ? ಲಾನಿನ ಬಗ್ಗೆಯಲ್ಲ. ‘ಆಂಟಿ, ಇಲ್ಲಿ ನೀರು ಹೇಗೆ?’

ಒಂದು ವಿಷಯದಲ್ಲಿ ಮೋಸ ಹೋಗಬೇಡಿ, ಮೋಸ ಮಾಡಲೂ ನನಗೆ ಮನಸ್ಸಿಲ್ಲ. ಬರ ತಡೆಯುವ ಗಿಡಕ್ಕೂ ಮೊದಲ ವರ್ಷ ನೀರು ಬೇಕು. ಬೇರು ಕೆಳಗಿಳಿಯುವವರೆಗೆ ಅದೂ ಕೂಸೇ. ನೆಡುವುದಾದರೆ ಜೂನಿನಲ್ಲೇ ನೆಡಬೇಕು, ಮಳೆಗಾಲ ಅರ್ಧ ಕೆಲಸ ಮಾಡಿಕೊಡುತ್ತದೆ. ಬರುವ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬುಡ ತೋಯುವಂತೆ ಹಾಕಿ, ಅದರ ಮುಂದಿನ ಬೇಸಿಗೆಗೆ ಕೈಬಿಡಬಹುದು. ದಿನಾ ಚಿಮುಕಿಸಿದರೆ ಬೇರು ಮೇಲೇ ಉಳಿದು ಸೋಮಾರಿಯಾಗುತ್ತದೆ. ಬುಡಕ್ಕೆ ಮೂರು ಬೆರಳು ದಪ್ಪ ಒಣ ಎಲೆ ಹೊದಿಸಬೇಕು. ಆ ಎಲೆಯನ್ನು ನಾವೀಗ ಗುಡಿಸಿ, ಚೀಲಕ್ಕೆ ತುಂಬಿ, ಲಾರಿಗೆ ಹಾಕಿ ಕಳಿಸುತ್ತೇವೆ, ಆಮೇಲೆ ನರ್ಸರಿಯಿಂದ ಚೀಲದಲ್ಲಿ ಗೊಬ್ಬರ ತರಿಸುತ್ತೇವೆ. ಎರಡು ವರ್ಷ ತೋಟ ನೋಡಲು ಅಷ್ಟು ಚೆಂದವಿರುವುದಿಲ್ಲ. ಗಿಡಗಳ ನಡುವೆ ಮಣ್ಣು ಕಾಣುತ್ತದೆ, ಹರಕು ಕಂಬಳಿಯ ಹಾಗೆ. ಆಗ ಬೈಯಬೇಕಾದವರ ಮನೆ ನಂಬರು ಎಲ್ಲರಿಗೂ ಗೊತ್ತು.

ಮಾಲಿಯ ಕೆಲಸದ ಚೀಟಿಯನ್ನು ಅವರೊಂದಿಗೆ ಕೂತು ಹೊಸದಾಗಿ ಬರೆದಿದ್ದೇನೆ. ‘ದಿನಕ್ಕೆ ಎರಡು ಸಲ’ ಹೋಗಿ, ‘ಬೆರಳು ಒಳಗೆ ತೂರಿಸಿ ನೋಡುವುದು, ಒಣಗಿದ್ದರೆ ಮಾತ್ರ’ ಎಂದಾಗಿದೆ. ಅವರು ಅದರ ಕೆಳಗೆ ಸಹಿ ಹಾಕಿ, ಸೂಪರ್‌ವೈಜರ್ ಸಹಿಯೂ ಬೇಕು ಎಂದು ಹಟ ಹಿಡಿದಿದ್ದಾರೆ. ಅಧ್ಯಕ್ಷರು ದಯವಿಟ್ಟು ಅದೊಂದು ಮಾಡಿಸಿಕೊಡಿ.

ಸಭೆ ಭಾನುವಾರ ಹತ್ತೂವರೆಗೆ. ನನ್ನ ತಂಗಿಯ ಮನೆಯ ದೇವಕಣಗಿಲೆಯಿಂದ ಮೊಳದುದ್ದದ ಇಪ್ಪತ್ತೆರಡು ಕೊಂಬೆ ತರಿಸಿದ್ದೇನೆ. ಕಡಿದ ಕೂಡಲೇ ನೆಟ್ಟರೆ ಕೊಳೆಯುತ್ತವೆ, ಅದಕ್ಕೆ ಹಾಲು ಆರಲೆಂದು ಬಾಲ್ಕನಿಯ ನೆರಳಿನಲ್ಲಿ ಪೇಪರ್ ಹಾಸಿ ಮಲಗಿಸಿದ್ದೇನೆ. ಇವತ್ತಿಗೆ ಒಂಬತ್ತು ದಿನ. ತುದಿ ಗಟ್ಟಿಯಾಗಿದೆ, ಒಂದೆರಡರಲ್ಲಿ ಮಲಗಿದಲ್ಲೇ ಚಿಗುರಿನ ಮೂಗು ಕಾಣುತ್ತಿದೆ. ಕ್ಲಬ್‌ಹೌಸಿನ ಬಾಗಿಲ ಬಳಿ ಬಕೆಟ್ಟಿನಲ್ಲಿಟ್ಟಿರುತ್ತೇನೆ. ಲಾನಿಗೆ ಕೈ ಎತ್ತುವವರೂ ಒಂದು ತೆಗೆದುಕೊಂಡು ಹೋಗಬಹುದು.

ನಿಮ್ಮ,
ಬಿ ಬ್ಲಾಕ್ ಮೊದಲ ಮಹಡಿಯ ಟೀಚರಮ್ಮ